ಹೆಸರು ಹಾಕಿಸಿದ ತಟ್ಟೆಗಳು

ತುಮಕೂರಿನ ಹಳೆಯ ಬಡಾವಣೆಯೊಂದರಲ್ಲಿ ಮೂವತ್ತೆರಡು ಮನೆಗಳ ಒಂದು ಬೀದಿ. ಆ ಬೀದಿಯ ನಡುವಿನ ಮನೆಯಲ್ಲಿ ಸರ್ವಮಂಗಳಮ್ಮ ಎಂಬ ಗೃಹಿಣಿ ಇದ್ದರು. ಅವರ ಒಬ್ಬಳೇ ಮಗಳು ಚಂದ್ರಿಕಾಗೆ ತಿಪಟೂರಿನ ಹುಡುಗನ ಜೊತೆ ಮದುವೆ ಗೊತ್ತಾಯಿತು. ನಿಶ್ಚಿತಾರ್ಥವನ್ನು ಮನೆಯ ಮುಂದೆಯೇ ಮಾಡಿದರು. ಇನ್ನೂರು ಜನ ಬಂದರು. ಬೀದಿ ಕಿರಿದು, ಟೇಬಲ್ ಹಾಕಿ ಬಾಳೆ ಎಲೆಯಲ್ಲಿ ಬಡಿಸುವಷ್ಟು ಜಾಗವಿಲ್ಲ. ಹಾಗಾಗಿ ನಿಂತುಕೊಂಡೇ ಊಟ. ಪ್ಲಾಸ್ಟಿಕ್ ಹೊದಿಸಿದ ಕಾಗದದ ತಟ್ಟೆ, ಪ್ಲಾಸ್ಟಿಕ್ ಲೋಟ, ಪ್ಲಾಸ್ಟಿಕ್ ಚಮಚ. ಎಲ್ಲರೂ ಹೋಳಿಗೆಯನ್ನು ಹೊಗಳಿ, ಕೈ ತೊಳೆದು ಹೊರಟರು. ತಟ್ಟೆಗಳೆಲ್ಲ ಎಲ್ಲಿಗೆ ಹೋದವು ಎಂದು ಯಾರೂ ಕೇಳಲಿಲ್ಲ. ಸರ್ವಮಂಗಳಮ್ಮನೂ ಕೇಳಲಿಲ್ಲ.

ಅವು ಬೀದಿಯ ಕೊನೆಯ ಖಾಲಿ ಸೈಟಿಗೆ ಹೋಗಿದ್ದವು. ಅಡುಗೆಯವರು ಎಂಟು ಚೀಲ ತುಂಬಿ ಅಲ್ಲಿ ಎಸೆದಿದ್ದರು. ಮರುದಿನ ಬೆಳಿಗ್ಗೆ ವಾಸನೆ ತಾಳಲಾರದೆ ಯಾರೋ ಅದಕ್ಕೆ ಬೆಂಕಿ ಹಚ್ಚಿದರು. ಕಪ್ಪು ಹೊಗೆ ಎದ್ದು ಪಕ್ಕದ ಮನೆಯ ಕಿಟಕಿಯೊಳಗೆ ನುಗ್ಗಿತು. ಅದು ಖಲೀಲ್ ಸಾಹೇಬರ ಮನೆ. ಸಾಹೇಬರು ಮೂವತ್ತು ವರ್ಷ ಗಡಿಯಾರ ರಿಪೇರಿ ಮಾಡಿ, ಈಗ ಅಂಗಡಿ ಮುಚ್ಚಿ ಮನೆಯಲ್ಲಿದ್ದ ಹಿರಿಯರು. ಅವರಿಗೆ ಮೊದಲೇ ಉಬ್ಬಸ. ಆ ಹೊಗೆ ಕುಡಿದು ಉಸಿರು ಕಟ್ಟಿತು. ಸೊಸೆ ಶಾಹಿನ್ ಅವರನ್ನು ಆಟೊದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಓಡಿದಳು.

ಸುದ್ದಿ ಕೇಳಿ ಸರ್ವಮಂಗಳಮ್ಮ ಎಳನೀರು ಹಿಡಿದು ನೋಡಲು ಹೋದರು. ಸಾಹೇಬರ ಮೂಗಿಗೆ ಆಮ್ಲಜನಕದ ನಳಿಗೆ ಇಟ್ಟಿದ್ದರು. ಇವರನ್ನು ಕಂಡು ಅವರ ಮುಖ ಅರಳಿತು. ಒಂದೊಂದೇ ಮಾತು ಬಿಡಿಸಿ ಹೇಳಿದರು.

“ನಿಮ್ಮನೆ ಊಟ ಬಹಳ ಚೆನ್ನಾಗಿತ್ತಮ್ಮ.”

ಸುಟ್ಟದ್ದು ಏನೆಂದು ಸರ್ವಮಂಗಳಮ್ಮನಿಗೆ ಬೀದಿಯವರಿಂದ ತಿಳಿದಿತ್ತು. ಸುಮ್ಮನಿದ್ದು ಬಂದುಬಿಡಬಹುದಿತ್ತು. ಆದರೆ ಅವರಿಗೆ ಅದು ಆಗಲಿಲ್ಲ.

“ಸಾಹೇಬ್ರೇ, ಆ ಹೊಗೆ ನಮ್ಮನೆ ತಟ್ಟೆಗಳದ್ದೇ,” ಎಂದರು.

ಸಾಹೇಬರು ಎಳನೀರಿಗೆ ಕೈ ಚಾಚಿದರು. ಆಮೇಲೆ ಕೇಳಿದರು. “ಮದುವೆ ಯಾವತ್ತಮ್ಮ? ಅಷ್ಟರೊಳಗೆ ನಾನು ಎದ್ದು ಓಡಾಡ್ಬೇಕಲ್ಲ.”

ಬೈದಿದ್ದರೆ ಸರ್ವಮಂಗಳಮ್ಮ ಮರೆತುಬಿಡುತ್ತಿದ್ದರೋ ಏನೋ. ಈ ಮಾತನ್ನು ಮರೆಯಲಾಗಲಿಲ್ಲ. ಮನೆಗೆ ಬಂದವರೇ, ಮದುವೆಯ ಊಟದಲ್ಲಿ ಬಿಸಾಡುವಂಥದ್ದು ಒಂದು ಚಮಚವೂ ಇರಕೂಡದು ಎಂದು ಗಂಡನಿಗೆ ಹೇಳಿದರು. ಗಂಡ ತಲೆ ಕೆರೆದುಕೊಂಡರು. ಆದರೆ ಸುಮ್ಮನಿರದವರು ಗಂಡನ ಅಣ್ಣ ಮಹಾಲಿಂಗಪ್ಪ. ಮನೆಯ ಶುಭಕಾರ್ಯಗಳ ಯಜಮಾನಿಕೆ ಯಾವಾಗಲೂ ಅವರದೇ. ಆರುನೂರು ಜನರ ಊಟ, ಅಷ್ಟು ತಟ್ಟೆ ತೊಳೆಯುವವರು ಯಾರು ಎಂದು ಕೇಳಿದರು. ಒಂದು ಗಳಿಗೆ ಹೆಚ್ಚುಕಮ್ಮಿಯಾದರೆ ಬೀಗರ ಮುಂದೆ ಇಡೀ ಮನೆತನ ತಲೆ ತಗ್ಗಿಸಬೇಕಾಗುತ್ತದೆ ಎಂದೂ ಎಚ್ಚರಿಸಿದರು. ಸರ್ವಮಂಗಳಮ್ಮ ಮನಸ್ಸು ಬದಲಿಸಲಿಲ್ಲ.

ಮೊದಲು ಶಾಮಿಯಾನದ ಅಂಗಡಿಗೆ ಹೋಗಿ ಸ್ಟೀಲ್ ತಟ್ಟೆ ಬಾಡಿಗೆಗೆ ಕೇಳಿದರು. ಅದೇ ಮುಹೂರ್ತಕ್ಕೆ ಊರಲ್ಲಿ ಹನ್ನೊಂದು ಮದುವೆ, ಒಂದು ತಟ್ಟೆಯೂ ಉಳಿದಿಲ್ಲ ಎಂದರು. ಇನ್ನೆರಡು ಅಂಗಡಿಗಳಲ್ಲೂ ಅದೇ ಉತ್ತರ. ಸೋತು ಮನೆಗೆ ಬಂದು, ಮದುವೆಗೆ ದೊಡ್ಡ ಕೊಳದಪ್ಪಲೆ ಬೇಕೆಂದು ಅಟ್ಟ ಹತ್ತಿದರು. ಕೊಳದಪ್ಪಲೆಯ ಹಿಂದೆ, ಹಳೆಯ ಸೀರೆಯಲ್ಲಿ ಕಟ್ಟಿದ ಒಂದು ಗಂಟು ಸಿಕ್ಕಿತು. ಬಿಚ್ಚಿದರೆ ಅವರ ಮದುವೆಯಲ್ಲಿ ಉಡುಗೊರೆ ಬಂದ ಸ್ಟೀಲ್ ತಟ್ಟೆಗಳು, ಹದಿನೆಂಟು. ಒಂದೊಂದರ ಅಂಚಿನಲ್ಲೂ ಸರ್ವಮಂಗಳಮ್ಮನದೇ ಹೆಸರು, ತಾರೀಖು. ಇಪ್ಪತ್ತೇಳು ವರ್ಷದಿಂದ ಅವು ಒಂದು ತುತ್ತು ಅನ್ನ ಕಂಡಿರಲಿಲ್ಲ.

ನಮ್ಮನೆ ಅಟ್ಟದಲ್ಲಿ ಇಷ್ಟಿದ್ದರೆ ಬೀದಿಯ ಅಟ್ಟಗಳಲ್ಲಿ ಎಷ್ಟಿರಬೇಡ ಎಂದು ಅವರಿಗೆ ಹೊಳೆಯಿತು.

ಮರುದಿನದಿಂದ ಮದುವೆಯ ಕರೆಯೋಲೆ ಕೊಡಲು ಹೋದ ಮನೆಯಲ್ಲೆಲ್ಲ ಅಕ್ಷತೆ ಕೊಟ್ಟು, ಅಟ್ಟದ ತಟ್ಟೆ ಕೇಳಿದರು. ಕೆಲವರು ನಕ್ಕರು. ಕೆಲವರು ತಮ್ಮ ಮನೆಯಲ್ಲಿ ಅಂಥದ್ದೇನೂ ಇಲ್ಲವೆಂದು ಹೇಳಿ, ಅಟ್ಟ ಹತ್ತಿ ನೋಡಿ, ಮೂವತ್ತು ತಟ್ಟೆ ಇಳಿಸಿ ತಾವೇ ಬೆರಗಾದರು. ಹಿಂದಿರುಗಿ ಬರುವಾಗ ಅದಲುಬದಲಾಗುತ್ತವೆ ಎಂದು ಒಬ್ಬರು ಅನುಮಾನಪಟ್ಟರು. ಹೆಸರೇ ಇದೆಯಲ್ಲ, ಅದೇ ದಾರಿ ತೋರಿಸುತ್ತದೆ ಎಂದರು ಸರ್ವಮಂಗಳಮ್ಮ. ಹದಿನೈದು ದಿನಗಳಲ್ಲಿ ಅಂಗಳದಲ್ಲಿ ನಾನೂರು ತಟ್ಟೆಗಳ ಸಾಲುಗಳು ನಿಂತವು. ಲೋಟ, ಬಟ್ಟಲು, ಚಮಚಗಳೂ ಬಂದವು. ಆಸ್ಪತ್ರೆಯಿಂದ ಮನೆಗೆ ಮರಳಿದ್ದ ಖಲೀಲ್ ಸಾಹೇಬರು ಮೂವತ್ತಾರು ತಟ್ಟೆ ಕಳಿಸಿದರು. ಅವುಗಳ ಮೇಲೆ ಉರ್ದುವಿನಲ್ಲಿ ಹೆಸರಿತ್ತು.

ಮದುವೆಯ ದಿನ ಬಂತು. ಚಪ್ಪರದ ಕೆಳಗೆ ಧಾರೆ ಸಾಂಗವಾಗಿ ನಡೆಯಿತು. ಮನೆಯ ಹಿತ್ತಲಲ್ಲಿ ತಟ್ಟೆ ತೊಳೆಯಲು ಮೂರು ದೊಡ್ಡ ಟಬ್ಬುಗಳನ್ನು ಇಟ್ಟಿದ್ದರು. ಒಂದರಲ್ಲಿ ಎಂಜಲು ಬಿಡಿಸುವುದು, ಇನ್ನೊಂದರಲ್ಲಿ ಸೀಗೆಪುಡಿ ಹಾಕಿ ಉಜ್ಜುವುದು, ಮೂರನೆಯದರಲ್ಲಿ ತಿಳಿನೀರಲ್ಲಿ ಜಾಲಿಸುವುದು. ಹೇಳಿದ್ದು ಐದು ಜನ ಕೆಲಸದವರಿಗೆ. ಬಂದದ್ದು ಒಬ್ಬಾಕೆ. ಉಳಿದ ನಾಲ್ವರು ಇನ್ನೊಂದು ಮದುವೆಗೆ ಹೋಗಿದ್ದರು.

ಬೀದಿಯವರು, ನೆಂಟರು, ಮಕ್ಕಳು ಮೊದಲು ಉಂಡರು. ನಾನೂರು ತಟ್ಟೆಗಳೂ ಎಂಜಲಾಗಿ ಹಿತ್ತಲಲ್ಲಿ ಗುಡ್ಡೆ ಬಿದ್ದವು. ಆ ಹೊತ್ತಿಗೆ ಸರಿಯಾಗಿ ಫೋಟೊ ತೆಗೆಸಿಕೊಂಡು ಮುಗಿಸಿದ ಗಂಡಿನ ಕಡೆಯ ಇನ್ನೂರು ಜನ ಊಟಕ್ಕೆ ಬಂದು ಸಾಲು ನಿಂತರು. ಬಡಿಸುವ ಮೇಜಿನ ಮೇಲೆ ಬಿಸಿ ಹೋಳಿಗೆ ಇತ್ತು, ತುಪ್ಪ ಇತ್ತು. ತಟ್ಟೆ ಇರಲಿಲ್ಲ.

ಸಾಲಿನಲ್ಲಿ ಗುಸುಗುಸು ಶುರುವಾಯಿತು. ಮಹಾಲಿಂಗಪ್ಪ ನೇರ ತಮ್ಮ ಕಾರಿನ ಬಳಿ ಹೋಗಿ ಡಿಕ್ಕಿ ತೆರೆದರು. ಒಳಗೆ ಕಾಗದದ ತಟ್ಟೆಗಳ ಐದು ಕಟ್ಟುಗಳಿದ್ದವು. ಹೀಗಾಗುತ್ತದೆಂದು ಮೊದಲೇ ತಂದಿಟ್ಟಿದ್ದರು. ಹಿತ್ತಲಿಗೆ ಬಂದು ತಮ್ಮನ ಹೆಂಡತಿಯ ಮುಂದೆ ನಿಂತರು.

“ಮಂಗಳಾ, ಬೀಗರು ಕಾಯ್ತಾ ಇದಾರೆ. ಈಗಲಾದ್ರೂ ಹೂಂ ಅನ್ನು. ನಾಳೆ ನಿನ್ನ ಮಗಳು ಆ ಮನೇಲಿ ಬಾಳಬೇಕು.”

ಆ ಮಾತು ನಾಟಿತು. ಸರ್ವಮಂಗಳಮ್ಮ ಎಂಜಲು ತಟ್ಟೆಗಳ ಗುಡ್ಡೆ ನೋಡಿದರು. ಒಂದು ಹೂಂ ಅಂದರೆ ಎಲ್ಲ ಸರಿಹೋಗುತ್ತಿತ್ತು. ಯಾರೂ ಅವರನ್ನು ಆಡಿಕೊಳ್ಳುತ್ತಿರಲಿಲ್ಲ.

“ಹತ್ತು ನಿಮಿಷ ಕೊಡಿ, ಭಾವ,” ಎಂದರು.

ಹೇಳಿದವರೇ ರೇಷ್ಮೆ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಬಳೆಗಳನ್ನು ಮೇಲಕ್ಕೆ ಸರಿಸಿ, ಟಬ್ಬಿನ ಮುಂದೆ ಕುಕ್ಕರುಗಾಲಲ್ಲಿ ಕೂತರು. ಮದುವಣಗಿತ್ತಿಯ ತಾಯಿ, ಮಗಳ ಧಾರೆಯ ದಿನ, ಎಂಜಲು ತಟ್ಟೆ ಉಜ್ಜತೊಡಗಿದರು.

ಮೊದಲ ಹತ್ತು ತಟ್ಟೆಗಳನ್ನು ಅವರೂ ಆ ಕೆಲಸದಾಕೆಯೂ ಇಬ್ಬರೇ ತೊಳೆದರು. ಹನ್ನೊಂದನೆಯ ತಟ್ಟೆಯನ್ನು ಶಾಹಿನ್ ಕಸಿದುಕೊಂಡಳು. ಕೇಳದೆ, ಹೇಳದೆ ಪಕ್ಕದಲ್ಲಿ ಕೂತಳು. ಅವಳ ಹಿಂದೆ ಎದುರುಮನೆಯವರು ಬಂದರು. ಸರ್ವಮಂಗಳಮ್ಮನ ಗಂಡ ಶಲ್ಯ ತೆಗೆದಿಟ್ಟು ಸಂಪಿನಿಂದ ನೀರು ಸೇದಿ ಸುರಿಯತೊಡಗಿದರು. ಉಂಡು ಎಲೆಯಡಿಕೆ ಹಾಕಿಕೊಳ್ಳುತ್ತಾ ಕೂತಿದ್ದ ಬೀದಿಯ ಗಂಡಸರು ಎದ್ದು ಬಂದು, ಟಬ್ಬಿನಿಂದ ಮೇಜಿನವರೆಗೆ ಸಾಲಾಗಿ ನಿಂತು ತಟ್ಟೆಗಳನ್ನು ಕೈಯಿಂದ ಕೈಗೆ ದಾಟಿಸಿದರು.

ತಟ್ಟೆ ಬರಲು ಏಕೆ ಇಷ್ಟು ಹೊತ್ತು ಎಂದು ನೋಡಲು ಗಂಡಿನ ತಾಯಿ ನೀಲಾಂಬಿಕೆಯವರು ಹಿತ್ತಲಿಗೆ ಬಂದರು. ಅವರನ್ನು ಕಂಡದ್ದೇ ಎಲ್ಲರ ಕೈ ನಿಂತಿತು. ಸರ್ವಮಂಗಳಮ್ಮ ಒದ್ದೆ ಕೈಯಲ್ಲಿಯೇ ಎದ್ದು ನಿಂತರು. ಖಲೀಲ್ ಸಾಹೇಬರಿಗೆ ಆದದ್ದನ್ನೂ, ಆಮೇಲೆ ತಾವು ಮಾಡಿಕೊಂಡ ನಿರ್ಧಾರವನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. ತಡವಾಯಿತು, ಕ್ಷಮಿಸಬೇಕು ಎಂದರು.

ನೀಲಾಂಬಿಕೆಯವರು ಹಗ್ಗದ ಮೇಲಿದ್ದ ಒಗೆದ ಪಂಚೆಯೊಂದನ್ನು ಎಳೆದುಕೊಂಡು, ತೊಳೆದ ತಟ್ಟೆಯೊಂದನ್ನು ಕೈಗೆತ್ತಿಕೊಂಡು ಒರೆಸಿದರು. ಅದರ ಅಂಚಿನಲ್ಲಿದ್ದ ಹೆಸರನ್ನು ಓದಿ ಗಟ್ಟಿಯಾಗಿ ಕೇಳಿದರು.

“ಚನ್ನವೀರಮ್ಮ ಅಂದ್ರೆ ಯಾರು ಇಲ್ಲಿ?”

ಎಂಬತ್ತು ದಾಟಿದ ಮೂಲೆಮನೆಯ ಅಜ್ಜಿ ಕೋಲೂರಿಕೊಂಡು ಮುಂದೆ ಬಂದು, ಅದು ತನ್ನ ಸೀಮಂತಕ್ಕೆ ಬಂದ ತಟ್ಟೆ ಎಂದರು. ಹಿತ್ತಲೆಲ್ಲ ನಕ್ಕಿತು. ನೀಲಾಂಬಿಕೆಯವರೂ ನಕ್ಕರು.

“ಹಾಗಾದ್ರೆ ನಾನು ಇದ್ರಲ್ಲೇ ಊಟ ಮಾಡ್ತೀನಿ. ಬೀಗಿತ್ತಿ, ನೀವು ತೊಳೀರಿ, ನಾವು ಒರೆಸ್ತೀವಿ.”

ಅಷ್ಟು ಸಾಕಾಯಿತು. ಗಂಡಿನ ಕಡೆಯ ಹೆಂಗಸರು ಪಂಚೆ, ಟವಲು, ಸಿಕ್ಕಿದ್ದನ್ನು ಹಿಡಿದು ಒರೆಸಲು ನಿಂತರು. ಒಬ್ಬೊಬ್ಬರೂ ಹೆಸರು ಓದುವುದು, ಆ ಹೆಸರಿನವರು ಓಗೊಡುವುದು. ಎರಡು ಮನೆತನಗಳ ಪರಿಚಯ ಹೀಗೆ ಆಯಿತು. ಹತ್ತು ನಿಮಿಷ ಅಂದದ್ದು ಇಪ್ಪತ್ತೈದು ನಿಮಿಷವಾಯಿತು ನಿಜ. ಆದರೆ ಇನ್ನೂರು ಜನವೂ ಹೊಳೆಯುವ ತಟ್ಟೆಗಳಲ್ಲಿ ಬಿಸಿ ಹೋಳಿಗೆ ಉಂಡರು. ಮಹಾಲಿಂಗಪ್ಪ ಡಿಕ್ಕಿಯನ್ನು ಮುಚ್ಚಿ ಬಂದರು. ಒರೆಸಿದ ತಟ್ಟೆಗಳ ಒಂದು ಅಡಕಲನ್ನು ಎದೆಗವಚಿಕೊಂಡು ಮೇಜಿನ ಕಡೆ ನಡೆದರು.

ಸಂಜೆ ನಾಲ್ಕಕ್ಕೆ ಪೌರಕಾರ್ಮಿಕರಾದ ಯಲ್ಲಮ್ಮ ಕಸದ ಗಾಡಿ ತಂದರು. ಮದುವೆಮನೆಯ ಕಸವೆಂದು ದೊಡ್ಡ ಗಾಡಿಯನ್ನೇ ತಂದಿದ್ದರು. ಅವರಿಗೆ ಸಿಕ್ಕಿದ್ದು ತರಕಾರಿ ಸಿಪ್ಪೆ, ಎಂಜಲು ತುಂಬಿದ ಮೂರು ಡ್ರಮ್ಮು, ತೊಳೆದು ಮಡಿಸಿಟ್ಟ ಹಾಲಿನ ಪ್ಯಾಕೆಟ್ಟುಗಳ ಒಂದು ಚೀಲ. ಉಳಿದದ್ದು ಎಲ್ಲಿ ಎಂದು ಕೇಳಿದರು. ಇಷ್ಟೇ ಎಂದರೆ ನಂಬಲಿಲ್ಲ. ಬೀದಿಯ ಕೊನೆಯ ಸೈಟಿನವರೆಗೂ ನಡೆದು ಹೋಗಿ, ಮುಳ್ಳುಗಿಡಗಳ ಹಿಂದೆಲ್ಲ ಇಣುಕಿ ಬಂದರು.

“ಹತ್ತೊಂಬತ್ತು ವರ್ಷದಿಂದ ಮದುವೆ ಕಸ ಎತ್ತಿದೀನಮ್ಮ. ಮದುವೆ ಊಟಕ್ಕೆ ಕೂರೋಕೆ ಹೊತ್ತು ಸಿಕ್ಕಿರಲಿಲ್ಲ,” ಎಂದರು.

ಸರ್ವಮಂಗಳಮ್ಮ ಅವರ ಕೈಗೆ ನೀರು ಕೊಟ್ಟು, ಚಪ್ಪರದ ಕೆಳಗೆ ಕುರ್ಚಿ ಹಾಕಿ ಕೂರಿಸಿದರು. ಎರಡು ಹೋಳಿಗೆ ಇಟ್ಟು ತುಪ್ಪ ಸುರಿದವಳು ಮದುಮಗಳು ಚಂದ್ರಿಕಾ.

ಆಮೇಲೆ ತಟ್ಟೆಗಳನ್ನು ಹಿಂದಿರುಗಿಸಲು ಹೊರಟರೆ, ಮತ್ತೆ ಅಟ್ಟಕ್ಕೆ ಹಾಕಿ ಏನು ಮಾಡೋಣ ಎಂದು ಒಬ್ಬರೂ ತೆಗೆದುಕೊಳ್ಳಲಿಲ್ಲ. ಖಲೀಲ್ ಸಾಹೇಬರು ತಮ್ಮ ಮುಚ್ಚಿದ ಅಂಗಡಿಯ ಬೀಗ ತೆಗೆದುಕೊಟ್ಟರು. ನಾನೂರು ತಟ್ಟೆಗಳೂ ಅಲ್ಲಿ ಕೂತವು. ನಾಮಕರಣವಿರಲಿ, ಗೃಹಪ್ರವೇಶವಿರಲಿ, ಯಾರು ಬೇಕಾದರೂ ಒಯ್ಯಬಹುದು. ಷರತ್ತು ಒಂದೇ. ಕರೆದ ಮನೆಯವರು ತಾವೂ ಕೂತು ತೊಳೆಯಬೇಕು. ಒಂದೇ ವರ್ಷದಲ್ಲಿ ಇಪ್ಪತ್ತಾರು ಊಟಗಳು ಆ ತಟ್ಟೆಗಳಲ್ಲಿ ನಡೆದವು. ಕಸ ಬೀಳುವುದು ನಿಂತ ಖಾಲಿ ಸೈಟಿನಲ್ಲಿ ಮಾಲೀಕರ ಒಪ್ಪಿಗೆ ಪಡೆದು ಸೊಪ್ಪು ಬೆಳೆದರು. ತಟ್ಟೆ ತೊಳೆದ ನೀರು ಅಲ್ಲಿಗೇ ಹರಿಯಿತು. ಪಕ್ಕದ ಮೂರು ಬೀದಿಗಳವರು ಬಂದು ನೋಡಿಹೋಗಿ, ತಮ್ಮ ತಮ್ಮ ಅಟ್ಟಗಳನ್ನು ಹತ್ತಿದರು.

ಈಗ ಆ ಬಡಾವಣೆಯ ಕರೆಯೋಲೆಗಳ ಕೊನೆಗೆ ಒಂದು ಸಾಲು ಅಚ್ಚಾಗುತ್ತದೆ. ‘ಊಟಕ್ಕೆ ಬನ್ನಿ, ತೊಳೆಯಲೂ ಬನ್ನಿ.’ ಜನ ಎರಡಕ್ಕೂ ಬರುತ್ತಾರೆ.

ನೀತಿ: ನಾವು ಬಿಸಾಡಿದ್ದು ಎಲ್ಲಿಗೂ ಹೋಗುವುದಿಲ್ಲ, ಇನ್ನೊಬ್ಬರ ಮನೆಬಾಗಿಲಿಗೆ ಹೋಗಿರುತ್ತದೆ. ಕಸ ಎತ್ತುವವರನ್ನು ಹುಡುಕುವ ಬದಲು ಕಸವೇ ಆಗದಂತೆ ಬದುಕಬಹುದು. ಅದಕ್ಕೆ ಬೇಕಾದ್ದು ಬಹುಪಾಲು ನಮ್ಮ ಮನೆಯಲ್ಲೇ ಇದೆ. ಯಾರಾದರೂ ಒಬ್ಬರು ನಾಚಿಕೆ ಬಿಟ್ಟು ಮೊದಲು ಕೈ ಒದ್ದೆ ಮಾಡಿಕೊಂಡರೆ, ಊರು ಪಕ್ಕದಲ್ಲಿ ಬಂದು ಕೂರುತ್ತದೆ.