ತುಳಿದ ಹೊಸ್ತಿಲ ಮನೆ

ಉತ್ತರ ಚೀನಾದ ಲ್ಯುಗೌ ಹಳ್ಳಿಗೆ ಹೋದವರಿಗೆ ಮೊದಲು ಕಾಣುವುದು ಮಣ್ಣಿನ ಕೋಟೆಗೋಡೆಯ ಅಳಿದುಳಿದ ತುಂಡುಗಳು. ಫಿರಂಗಿ ಗುಂಡು ಹೊಕ್ಕ ತೂತುಗಳಲ್ಲಿ ಈಗ ಗುಬ್ಬಿಗಳ ಸಂಸಾರ. ಅದನ್ನು ದಾಟಿದರೆ ಮೆಂಗ್ ಮನೆತನದ ದೊಡ್ಡ ಮನೆ. ಸುತ್ತ ಕೋಣೆಗಳು, ನಡುವೆ ತೆರೆದ ಅಂಗಳ, ನಮ್ಮ ತೊಟ್ಟಿಮನೆಯ ದಾಯಾದಿ ಎನ್ನಬಹುದು. ನೋಡಲು ಬರುವವರಿಗೆ ಕೊಡುವ ಟಿಕೆಟ್ಟಿನಲ್ಲಿ ಮನೆತನದ ಹೆಸರೇ ಇದೆ. ಊರವರಿಗೆ ಮಾತ್ರ ಅದು ‘ತುಳಿದ ಹೊಸ್ತಿಲ ಮನೆ’.

ಹಿಂದೆ ಒಮ್ಮೆ ಹುಲ್ಲುಗಾವಲಿನ ದಂಡು ಈ ಊರನ್ನು ಮುತ್ತಿತು. ಕೋಟೆ ಒಡೆದಾಗ ಊರಿಗೆ ಊರೇ ಚಹಾ ವರ್ತಕ ಮೆಂಗ್ ತಿಂಗ್‌ಯುವಿನ ಮನೆ ಹೊಕ್ಕಿತು. ಊರಿನ ಗಂಡುಮಕ್ಕಳು ಅವನ ಗೋಡೆ ಕಾಯುವುದು, ಅವನು ಅವರ ಮನೆಮಂದಿಗೆ ಅನ್ನ ಹಾಕುವುದು ಎಂದು ಒಪ್ಪಂದವಾಯಿತು. ಆದರೆ ತಪ್ಪಿಸಿಕೊಂಡು ಬಂದವರ ವೇಷದಲ್ಲಿ ಗೂಢಚಾರರೂ ನುಸುಳತೊಡಗಿದರು. ಮೆಂಗ್ ಒಂದು ಉಪಾಯ ಹೂಡಿದ. ಗುಡಾರದಲ್ಲಿ ಬೆಳೆದ ಆ ದಂಡಿನವರಿಗೆ ಇಂಥ ಎತ್ತರದ ಹೊಸ್ತಿಲಿನ ರೂಢಿಯಿಲ್ಲ, ನಮ್ಮವನು ನಿದ್ದೆಗಣ್ಣಲ್ಲೂ ಹೊಸ್ತಿಲನ್ನು ದಾಟುತ್ತಾನೆ, ತುಳಿಯುವುದಿಲ್ಲ. ತುಳಿದವನು ಯಾರೇ ಆಗಲಿ, ಹೊರಗೆ. ಹೊರಗೆಂದರೆ ದಂಡಿನ ಕತ್ತಿಗೆ. ಒಳಗೆ ಆಶ್ರಯ ಪಡೆದಿದ್ದ ಫಾನ್ ಅಜ್ಜಿಯ ತಮ್ಮನ ಮಗ ಏದುಸಿರು ಬಿಡುತ್ತ ಬಂದು ತುಳಿದೇಬಿಟ್ಟ. ಇವನು ನಮ್ಮ ಹುಡುಗನೇ ಎಂದು ಅಜ್ಜಿ ಬೊಬ್ಬೆಯಿಟ್ಟಳು. ಬಾಗಿಲು ಮುಚ್ಚಿತು. ಅವನ ತಲೆ ಬಾಗಿಲೆದುರೇ ಉರುಳಿತು.

ಮರುದಿನ ನಡುಹಗಲಿನಲ್ಲಿ ಬಂದವನು ಮೆಂಗನ ಒಬ್ಬನೇ ಮಗ ರುಯಿ. ಒಂಟೆಗಳ ಸಾರ್ಥದೊಡನೆ ಹೋಗಿದ್ದವನು ದಂಡಿನ ಕೈಗೆ ಸಿಕ್ಕಿ ಸತ್ತನೆಂದೇ ಸುದ್ದಿಯಿತ್ತು. ತಂದೆಯ ಮುಖ ನೋಡಿ ಅವನು ನಕ್ಕ. ಕಾಲು ಎಳೆದು ಹೊಸ್ತಿಲ ಮೇಲಿಟ್ಟ.

“ಯಜಮಾನರೇ, ಚಿಕ್ಕೆಜಮಾನರು...” ಬಾಗಿಲು ಕಾಯುವವನು ಅಗಳಿಯ ಮೇಲೆ ಕೈಯಿಟ್ಟು ಮೆಂಗನತ್ತ ತಿರುಗಿದ.

“ನಿನ್ನೆ ನನಗೇನಂದೆ, ಮೆಂಗ್?” ಹಿಂದಿನಿಂದ ಫಾನ್ ಅಜ್ಜಿ ಕೇಳಿದಳು. “ಕಣ್ಣು ಮೋಸ ಹೋಗುತ್ತೆ ಅಜ್ಜಿ, ಕಾಲು ಸುಳ್ಳು ಹೇಳಲ್ಲ ಅಂದೆ. ಇವತ್ತು ನಿನ್ನ ಕಣ್ಣಿಗೆ ಬೆಲೆ ಬಂತೇನಪ್ಪಾ?”

ಗೋಡೆಯ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಮೆಂಗ್ ಆ ಮುಖಗಳನ್ನು ಓದಿದ. ಮಗನನ್ನು ಒಳಗೆ ಕರೆದರೆ ಸಂಜೆಯೊಳಗೆ ಗೋಡೆ ಬರಿದಾಗುತ್ತದೆ. ಗೋಡೆ ಬರಿದಾದರೆ ಮಗನೂ ಉಳಿಯುವುದಿಲ್ಲ, ಮನೆಯೂ ಉಳಿಯುವುದಿಲ್ಲ. ಜೀವಮಾನವೆಲ್ಲ ತಕ್ಕಡಿ ಹಿಡಿದವನಿಗೆ ಇದನ್ನು ತೂಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ ಎನ್ನುತ್ತಾರೆ.

“ಹಾಕು ಬಾಗಿಲು,” ಎಂದ.

“ಅಪ್ಪಾ, ಕಾಲು ಎತ್ತೋಕೆ ಆಗ್ತಿಲ್ಲ,” ಎಂಬ ದನಿ ಹಲಗೆಯಾಚೆಯಿಂದ ಬಂತು. ದಂಡಿನವರು ಅವನನ್ನು ಕೊಲ್ಲಲಿಲ್ಲ. ಮಗನಿಗಾಗಿ ಅಪ್ಪ ಎಂದಾದರೂ ಬಾಗಿಲು ತೆಗೆದಾನು ಎಂದು ಹಾಗೇ ಬಿಟ್ಟು, ದೂರದಲ್ಲಿ ಕುದುರೆ ಮೇಯಿಸುತ್ತ ಕಾದರು. ಅಪ್ಪ ತೆಗೆಯಲಿಲ್ಲ. ಮಗ ಬಾಗಿಲು ಬಡಿಯುವ ಸದ್ದು ಕ್ರಮೇಣ ಕ್ಷೀಣಿಸಿ ನಿಂತಿತು.

ಕುದುರೆಗಳಿಗೆ ಹುಲ್ಲು ಮುಗಿದಾಗ ದಂಡು ತಾನಾಗಿಯೇ ಎದ್ದು ಹೋಯಿತು. ಹೆಣ ತೊಳೆಯುವಾಗ ರುಯಿಯ ಮಂಡಿಚಿಪ್ಪಿನಲ್ಲಿ ಹೂತಿದ್ದ ಸೀಸದ ಗುಂಡು ಕೈಗೆ ಸಿಕ್ಕಿತು. ಫಾನ್ ಅಜ್ಜಿ ಬಗ್ಗಿ ನೋಡಿದಳು. “ನಮ್ಮ ಹುಡುಗನ ಕಾಲನ್ನು ಯಾರೂ ನೋಡಲೇ ಇಲ್ಲ,” ಎಂದು ತನ್ನ ಚಾಪೆ ಸುತ್ತಿಕೊಂಡು ಹೊರಟಳು. ಅಂದಿನಿಂದ ಸಾಯುವವರೆಗೂ ಮೆಂಗ್ ಆ ಹೊಸ್ತಿಲನ್ನು ತುಳಿದೇ ಒಳಗೆ ಹೋಗುತ್ತಿದ್ದ. ಪಶ್ಚಾತ್ತಾಪವೆನ್ನುವವರುಂಟು; ಮುದುಕನಿಗೆ ಮಂಡಿನೋವಿತ್ತು ಎನ್ನುವವರೂ ಉಂಟು.

ಬಾಗಿಲಿಗೆ ವರ್ಷವರ್ಷವೂ ಕೆಂಪು ಬಣ್ಣ ಬಳಿಯುತ್ತಾರೆ. ಹೊರಮೈಯಲ್ಲಿ ಅಂಗೈಯಗಲದ ಒಂದು ಜಾಗವನ್ನು ಮಾತ್ರ ಬಿಡುತ್ತಾರೆ. ಅಲ್ಲಿ ಮರ ಜಜ್ಜಿದೆ. ನಿಂತವನ ಕೈ ತಲುಪುವ ಎತ್ತರ ಅದಲ್ಲ. ನೋಡಬೇಕಾದರೆ ನೆಲದ ಮೇಲೆ ಕೂರಬೇಕು.