ಭಸ್ಮಾಸುರನಿಗೆ ಬಾಂಬು ಬೇಕಂತೆ

ನಾಟಕ ಕಂಪನಿಯ ಮಾಲೀಕ ವಿರುಪಣ್ಣನ ಜಂಬ ಕೇಳಬೇಡಿ. ಭಸ್ಮಾಸುರನ ಪಾತ್ರ ಅವನದೇ. ಅವನು ತನ್ನ ತಲೆಯ ಮೇಲೆ ಕೈಯಿಟ್ಟ ಕೂಡಲೇ ಮತಾಪಿನ ಪುಡಿ ಉರಿಸಿ ಕೆಂಪು ಬೆಳಕು, ಹೊಗೆ ಎಬ್ಬಿಸುವುದು ಕಲ್ಲವ್ವನ ಕೆಲಸ.

ಒಂದು ದಿನ ಅವನು ಮೀಸೆ ತಿರುವಿದ. “ಮತಾಪು ಹುಡುಗರ ಆಟ. ನಾ ಸಾಯೂ ಮುಂದ ನನ್ನ ಕಾಲ ಬುಡಕ ಆಟಂಬಾಂಬ್ ಹಾರಬೇಕು! ಆಗೂದಿಲ್ಲಂದ್ರ ನಿನ್ನ ಗಂಟು ಕಟ್ಟು.”

“ಧಣ್ಯಾರ, ಪರದೆಗೆ ಬೆಂಕಿ ಬಿದ್ದೀತು.”

“ನನಗ ಬುದ್ಧಿ ಹೇಳ್ತೀಯೇನ? ಅಂಜುಬುರುಕಿ!”

ಕಲ್ಲವ್ವ ದೊಡ್ಡದೊಂದು ಬಾಂಬು ತಂದು, ಅದರ ಹೊಟ್ಟೆಯ ಮದ್ದನ್ನೆಲ್ಲ ನೀರಿಗೆ ಸುರಿದು, ಜೋಳದ ತೌಡು ತುಂಬಿದಳು. ಬತ್ತಿ ಮಾತ್ರ ಅಸಲಿ, ಮೊಳದುದ್ದ.

ಆಟದ ದಿನ ಭಸ್ಮಾಸುರ ಕುಣಿಯುತ್ತಿದ್ದಾಗ ಬತ್ತಿಗೆ ಕಿಡಿ ತಾಗಿಸಿದಳು. ಅದು ಸುರ್ರೆನ್ನುತ್ತ ಅವನ ಕಾಲಿನತ್ತ ಹರಿಯಿತು. ತಲೆಯ ಮೇಲೆ ಇಡಬೇಕಾದ ಕೈಗಳನ್ನು ಅವನು ಕಿವಿಗೆ ಒತ್ತಿಕೊಂಡ. “ಯವ್ವಾ, ಸತ್ತೆ!” ಎಂದು ರಂಗದಿಂದ ಹಾರಿದವನು ಎಲ್ಲಿ ಬಿದ್ದ ಅಂತೀರಿ? ಹೆಂಗಸರ ಸಾಲಿನಲ್ಲಿ, ದೇಸಾಯರ ಹೆಂಡತಿಯ ಮಡಿಲಿಗೇ! ಆಕೆ ಎಲೆಯಡಿಕೆ ಚೀಲದಿಂದ ಬಾರಿಸಿದಳು. ಪಕ್ಕದಲ್ಲೇ ಕೂತಿದ್ದ ಅವನ ಸ್ವಂತ ಹೆಂಡತಿ ಬಳೆ ಹಿಂದೆ ಸರಿಸಿ ಎದ್ದಳು. ಮುಂದಿನದನ್ನು ನಾನು ಹೇಳಬೇಕೆ? ಜನ ಶಿಳ್ಳೆ ಹೊಡೆದೂ ಹೊಡೆದೂ ಸುಸ್ತಾದರು.

ಪರದೆ ಬಿದ್ದ ಮೇಲೆ ವಿರುಪಣ್ಣ ಊದಿದ ಕೆನ್ನೆ ಹಿಡಿದುಕೊಂಡೇ ಬಂದ. “ಬಾಂಬ್ ಯಾಕ ಹಾರಲಿಲ್ಲ?”

“ಸಾಯಬೇಕಾದವರೇ ಓಡಿಹೋದ ಮ್ಯಾಲ ಅದು ಯಾರ ಸಲುವಾಗಿ ಹಾರಬೇಕ್ರಿ, ಧಣ್ಯಾರ?”

ವಿರುಪಣ್ಣ ಅತ್ತಿತ್ತ ನೋಡಿ ದನಿ ತಗ್ಗಿಸಿದ. “ನಾಳಿಂದ ಮತಾಪು ಹಚ್ಚವಾ, ನಮ್ಮವ್ವ.”