ಬೆರಳಿನ ತಪ್ಪೋ, ಟ್ರಿಗರ್ ತಪ್ಪೋ?

ಪ್ರಭುಸ್ವಾಮಿಗೆ ಬಿಲ್ಲುವಿದ್ಯೆ ಕಲಿಸಿ ಕಲಿಸಿ ದಾಕ್ಷಾಯಿಣಿ ಮೇಡಂಗೆ ಸಾಕುಸಾಕಾಗಿ ಹೋಗಿತ್ತು.

ಅವನದು ಎರಡು ತುದಿಗೂ ಗಾಲಿ ಇರುವ ಕಾಂಪೌಂಡ್ ಬಿಲ್ಲು. ಮೊದಮೊದಲು ಹೆದೆಯನ್ನು ಬೆರಳಿನಿಂದಲೇ ಎಳೆದು ಬಿಡುತ್ತಿದ್ದ. ಬಾಣ ಎಡಕ್ಕೆ ಹೋದಾಗಲೆಲ್ಲ ಬೆರಳಿಗೆ ಬೈಗುಳ. "ಹೆದೆ ಬೆರಳನ್ನ ಹಿಂಡಿಬಿಡುತ್ತೆ ಮೇಡಂ, ಗುರಿ ಎಲ್ಲಿಂದ ಸಿಗಬೇಕು?" ಎಂದು ಮಣಿಕಟ್ಟಿಗೆ ಕಟ್ಟಿಕೊಳ್ಳುವ ರಿಲೀಸ್ ತಂದ. ಅದರ ಕೊಕ್ಕೆ ಹೆದೆಯನ್ನು ಹಿಡಿದುಕೊಳ್ಳುತ್ತದೆ, ಟ್ರಿಗರ್ ಒತ್ತಿದರೆ ಬಿಡುತ್ತದೆ. ಕೆಲವು ದಿನ ಅದನ್ನು ಹಾಡಿ ಹೊಗಳಿದ. ಮತ್ತೆ ಬಾಣ ದಾರಿ ತಪ್ಪಿತು. "ಯಂತ್ರಕ್ಕೆ ಏನು ಗೊತ್ತಾಗುತ್ತೆ? ಬೆರಳೇ ವಾಸಿ" ಎಂದು ಕಿತ್ತು ಚೀಲಕ್ಕೆ ಎಸೆದ. ಮರುವಾರ ಬೆರಳು ಕೆಟ್ಟದ್ದು, ರಿಲೀಸೇ ದೇವರು. ಮೇಡಂ ಹೇಳಿದ್ದು ಮಾತ್ರ ಒಂದು ಕಿವಿಯಲ್ಲಿ ಹೋಗಿ ಇನ್ನೊಂದರಲ್ಲಿ ಹೊರಬರುತ್ತಿತ್ತು.

ಇಷ್ಟರಲ್ಲಿ ಜಿಲ್ಲಾ ತಂಡದ ಆಯ್ಕೆ ಬಂತು. ಉಳಿದಿದ್ದುದು ಒಂದೇ ಜಾಗ. ವಯಸ್ಸಿನ ಮಿತಿ ದಾಟಲಿದ್ದ ಪ್ರಭುಸ್ವಾಮಿಗೆ ಇದೇ ಕೊನೆಯ ಅವಕಾಶ. ಹಿಂದಿನ ದಿನವೂ ಅವನದು ಅದೇ ರಾಗ.

"ಮೇಡಂ, ನಾಳೆಗೆ ಬೆರಳಾ, ರಿಲೀಸಾ?"

ಮೇಡಂ ಹಣೆ ಚಚ್ಚಿಕೊಂಡರು. "ನನ್ನ ತಲೆ! ರಿಲೀಸ್ ಕಟ್ಟು. ಗುರಿ ಹಿಡಿದು ನಿಂತ್ಕೊ. ಟ್ರಿಗರ್ ಮಾತ್ರ ಮುಟ್ಟಬೇಡ, ಅದನ್ನ ನಾನು ಒತ್ತೀನಿ."

ಅವನು ಹೆದೆ ಎಳೆದ. ಮೇಡಂ ಪಕ್ಕದಲ್ಲೇ ನಿಂತು ಟ್ರಿಗರ್ ಮೇಲೆ ಬೆರಳಿಟ್ಟರು. ಯಾವಾಗ ಒತ್ತುತ್ತಾರೋ ತಿಳಿಯದೆ ಅವನು ಸುಮ್ಮನೆ ಗುರಿಯನ್ನೇ ನೋಡುತ್ತಿದ್ದ. ಬಾಣ ಹೋಗಿ ಗುರಿಹಲಗೆಯ ಮಧ್ಯದ ಹಳದಿ ವೃತ್ತದ ನಟ್ಟನಡುವೆ ನಾಟಿತು. ಇನ್ನೊಂದು ಅದರ ಪಕ್ಕಕ್ಕೇ ಬಿತ್ತು.

"ಬಿಲ್ಲು ಸರಿಯಾಗಿದೆ, ರಿಲೀಸ್ ಸರಿಯಾಗಿದೆ, ನಿನ್ನ ಕಣ್ಣೂ ಸರಿಯಾಗಿದೆ. ಇನ್ನು ಕೆಟ್ಟಿರೋದು ಏನಪ್ಪಾ?" ಎಂದರು ಮೇಡಂ. "ಹಳದಿ ಕಂಡ ತಕ್ಷಣ ನಿಂಗೆ ತಡೆಯೋಕಾಗಲ್ಲ. ಬೆರಳಾದ್ರೆ ಹೆದೆ ಕಿತ್ತೆಳೀತೀಯ, ರಿಲೀಸಾದ್ರೆ ಟ್ರಿಗರ್ ಗುದ್ದುತೀಯ."

ಪ್ರಭುಸ್ವಾಮಿ ತಲೆ ಕೆರೆದುಕೊಂಡ. "ಹಾಗಾದ್ರೆ ನಾಳೆ ನೀವೇ ಬಂದು ಒತ್ತಿಬಿಡಿ ಮೇಡಂ."

"ನಿನ್ನ ಮದುವೇಲಿ ತಾಳೀನೂ ನಾನೇ ಕಟ್ಲೇನೋ!"

ಮರುದಿನ ಅವನು ರಿಲೀಸ್ ಕಟ್ಟಿಕೊಂಡೇ ನಿಂತ. ಕೊನೆಯ ಬಾಣದ ಹೊತ್ತಿಗೆ ಅವನೂ ಇನ್ನೊಬ್ಬ ಸ್ಪರ್ಧಿಯೂ ಅಂಕದಲ್ಲಿ ಸಮಸಮ ಇದ್ದರು. ಹೆದೆ ಎಳೆದ. ಹಳದಿ ಕಂಡಿತು. ಬೆರಳು ಟ್ರಿಗರ್ ಗುದ್ದಲು ಹೊರಟೇಬಿಟ್ಟಿತ್ತು. ಆಗ ಎಂದೂ ಮಾಡದ್ದನ್ನು ಮಾಡಿದ. ಬಾಣ ಬಿಡದೆ ಬಿಲ್ಲನ್ನು ಕೆಳಗಿಳಿಸಿದ. ಉಸಿರು ಎಳೆದುಕೊಂಡು, ಮತ್ತೆ ಗುರಿ ಹಿಡಿದು, ಮೆಲ್ಲಗೆ ಒತ್ತಿದ. ಬಾಣ ನಡುವೆ ನಾಟಿತು. ಇನ್ನೊಬ್ಬನದು ಅಷ್ಟು ನಡುವೆ ಬೀಳಲಿಲ್ಲ, ಜಾಗ ಪ್ರಭುಸ್ವಾಮಿಯದಾಯಿತು.

"ಕೊನೇ ಬಾಣ ನೋಡಿದ್ರಾ ಮೇಡಂ?" ಎಂದು ಓಡಿಬಂದ.

"ಅದು ಹಾಗಿರಲಿ. ಅದಕ್ಕೂ ಮುಂಚೆ ಬಿಡದೆ ಇಳಿಸಿದ್ಯಲ್ಲ, ಅದನ್ನ ನೋಡೋಕೆ ಇಷ್ಟು ವರ್ಷ ಕಾದಿದ್ದೆ ಕಣೋ" ಎಂದು ಮೇಡಂ ಕಣ್ಣೊರೆಸಿಕೊಂಡರು.

ನೀತಿ: ಸಲಕರಣೆ ಬದಲಿಸಿದ ಮಾತ್ರಕ್ಕೆ ಕೈಯ ಆತುರ ಹೋಗುವುದಿಲ್ಲ. ಕೈಯಲ್ಲಿರುವುದನ್ನು ಬೈಯುವ ಮೊದಲು, ಆತುರವನ್ನು ಒಮ್ಮೆ ಕೆಳಗಿಳಿಸಿ ನೋಡಬೇಕು.